ಪ್ಯಾರಿಸ್ಸಿನಲ್ಲಿ ಸರ್ಕಾರ ಬಿದ್ದರೆ ಇಂಗ್ಲಿಷಿನಲ್ಲಿ ಏನಂತ ಬರೆಯಬೇಕು?

2024ರ ಡಿಸೆಂಬರ್ 4ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ 331 ಸದಸ್ಯರು ಒಟ್ಟಾಗಿ ಪ್ರಧಾನಿ ಮಿಷೆಲ್ ಬಾರ್ನಿಯೆ ಅವರ ಸರ್ಕಾರವನ್ನು ಉರುಳಿಸಿದರು. ಆ ವಾರ ನಾನು ತಿದ್ದಬೇಕಾಗಿದ್ದ, ಫ್ರೆಂಚ್ ಸುದ್ದಿಯ ಅನುವಾದದ ಕರಡೊಂದರಲ್ಲಿ ‘ಸೆನ್ಶರ್ ಮೋಷನ್ ಪಾಸಾಯಿತು’ ಎಂಬ ಇಂಗ್ಲಿಷ್ ವಾಕ್ಯವಿತ್ತು. ಫ್ರೆಂಚಿನಲ್ಲಿದ್ದದ್ದು ‘ಮೋಸ್ಯೊಂ ದ ಸಾಂಸ್ಯೂರ್’. ಪದಕ್ಕೆ ಪದ ಸರಿಯಾಗಿಯೇ ಕೂತಿದೆ, ಆದರೆ ಓದುಗರು ಭಾರತದವರು. ನಮ್ಮ ಲೋಕಸಭೆಯಲ್ಲಿ ಸೆನ್ಶರ್ ಮೋಷನ್ ಎಂದರೆ ಖಂಡನಾ ನಿರ್ಣಯ. ಅದನ್ನು ಒಬ್ಬ ಮಂತ್ರಿಯ ಮೇಲೂ ತರಬಹುದು, ಅದು ಗೆದ್ದರೂ ಸರ್ಕಾರ ರಾಜೀನಾಮೆ ಕೊಡಲೇಬೇಕೆಂಬ ನಿಯಮವಿಲ್ಲ. ಪ್ಯಾರಿಸ್ಸಿನದು ಸರ್ಕಾರವನ್ನೇ ಮನೆಗೆ ಕಳಿಸುವ ನಿರ್ಣಯ. ಗ್ರಾಮ ಪಂಚಾಯ್ತಿ ಅಧ್ಯಕ್ಷರ ಸುದ್ದಿಯಲ್ಲಿ ದಿನವೂ ಓದುವ ‘ಅವಿಶ್ವಾಸ ಗೊತ್ತುವಳಿ’ಯೇ ಅದು. ‘ನೋ ಕಾನ್ಫಿಡೆನ್ಸ್ ಮೋಷನ್’ ಎಂದು ತಿದ್ದಿದೆ.

ಇಷ್ಟು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಕೆಲಸ ಕೊಟ್ಟದ್ದು ಫ್ರಾನ್ಸಿನ ಸಂವಿಧಾನದ 49ನೇ ವಿಧಿಯ 3ನೇ ಉಪವಿಧಿ. 2023ರ ಮಾರ್ಚ್ 16ರಂದು ಪ್ರಧಾನಿ ಎಲಿಜಬೆತ್ ಬೋರ್ನ್ ಪಿಂಚಣಿಯ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆಗೆ ಇದನ್ನೇ ಬಳಸಿದರು. ಫ್ರೆಂಚ್ ಪತ್ರಿಕೆಗಳ ಮಾತಿನಲ್ಲಿ ಅವರು ಸರ್ಕಾರದ ‘ರೆಸ್ಪೋನ್ಸಾಬಿಲಿತೆ’ಯನ್ನು ‘ಆಂಗಾಜೆ’ ಮಾಡಿದರು. ಹಾಗೇ ಇಳಿಸಿ ‘ಎಂಗೇಜ್ಡ್ ದ ರೆಸ್ಪಾನ್ಸಿಬಿಲಿಟಿ’ ಎಂದು ಬರೆದರೆ ಇಂಗ್ಲಿಷ್ ಬಲ್ಲವರಿಗೂ ತಲೆಬುಡ ತಿಳಿಯದು. ಇಂಥ ಕಡೆ ನಾನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ: ‘ಮಸೂದೆಯನ್ನು ಮತಕ್ಕೆ ಹಾಕುವುದಿಲ್ಲ, ಬೇಡವಾದರೆ ನಮ್ಮನ್ನೇ ಇಳಿಸಿ.’ ಇಪ್ಪತ್ತನಾಲ್ಕು ಗಂಟೆಯೊಳಗೆ ಯಾರೂ ಅವಿಶ್ವಾಸ ಮಂಡಿಸದಿದ್ದರೆ, ಅಥವಾ ಮಂಡಿಸಿ ಸೋತರೆ, ಮಸೂದೆ ಪಾಸಾದಂತೆ. ಆ ಸಲ ವಿರೋಧಿಗಳಿಗೆ ಒಂಬತ್ತೇ ಮತ ಕಡಿಮೆ ಬಿದ್ದವು.

ಅರ್ಥ ಹೀಗೆ ಬಿಡಿಸಿಕೊಂಡ ಮೇಲೆ ಇಂಗ್ಲಿಷ್ ತಾನಾಗಿ ಬರುತ್ತದೆ. ‘ಫೋರ್ಸ್ಡ್ ದ ಬಿಲ್ ಥ್ರೂ ವಿದೌಟ್ ಎ ವೋಟ್’ ಎಂಬುದು ಸುದ್ದಿಮನೆಗಳಲ್ಲಿ ರೂಢಿಯಾಗಿದೆ. ಅದು ಸುಳ್ಳಲ್ಲ, ಆದರೆ ಅರ್ಧವನ್ನಷ್ಟೇ ಹೇಳುತ್ತದೆ. ಸರ್ಕಾರ ತನ್ನ ಕುರ್ಚಿಯನ್ನೇ ಪಣಕ್ಕಿಟ್ಟಿತ್ತು ಎಂಬುದನ್ನು ಅದೇ ವಾಕ್ಯದಲ್ಲಿ ಸೇರಿಸದೆ ನಾನು ಮುಂದೆ ಹೋಗುವುದಿಲ್ಲ.

ಚಿಕ್ಕ ಬಲೆಗಳೂ ಇವೆ. ‘ದೆಪ್ಯುತೆ’ ಯಾರ ಡೆಪ್ಯುಟಿಯೂ ಅಲ್ಲ, ನಮ್ಮ ಸಂಸದರಂತೆ ಎಂಪಿ. ‘ಸೆಕ್ರೆತೇರ್ ದೆತಾ’ ಕಿರಿಯ ಮಂತ್ರಿ. ಅದನ್ನು ಸೆಕ್ರೆಟರಿ ಆಫ್ ಸ್ಟೇಟ್ ಎಂದರೆ ಅಮೆರಿಕದ ಓದುಗರು ವಿದೇಶಾಂಗ ಸಚಿವರೆಂದು ತಿಳಿಯುತ್ತಾರೆ. ಫ್ರಾನ್ಸಿನಲ್ಲಿ ‘ಲಿಬೆರಾಲ್’ ಎಂದರೆ ಸಾಮಾನ್ಯವಾಗಿ ಮುಕ್ತ ಮಾರುಕಟ್ಟೆಯ ಪರ ಇರುವವರು, ಅಮೆರಿಕದ ಎಡಪಂಥದತ್ತ ವಾಲುವ ಲಿಬರಲ್ ಅಲ್ಲ.

‘ಲಾಯಿಸಿತೆ’ಯನ್ನು ಮಾತ್ರ ನಾನು ಅನುವಾದಿಸುವುದಿಲ್ಲ. ಅದನ್ನು ಸೆಕ್ಯುಲರಿಸಂ ಎಂದ ಕೂಡಲೇ ನಮ್ಮವರ ಮನಸ್ಸಿಗೆ ಬರುವುದು ಎಲ್ಲ ಧರ್ಮಗಳಿಗೂ ಸಮಾನ ಗೌರವ. 1905ರ ಫ್ರೆಂಚ್ ಕಾಯ್ದೆ ಹೇಳಿದ್ದು ಬೇರೆ: ಗಣರಾಜ್ಯ ಯಾವ ಧರ್ಮವನ್ನೂ ಮಾನ್ಯ ಮಾಡುವುದಿಲ್ಲ, ಯಾವುದಕ್ಕೂ ಹಣ ಕೊಡುವುದಿಲ್ಲ. 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿದ್ದು ಇದರ ಹೆಸರಿನಲ್ಲೇ. ಹಾಗಾಗಿ ಮೊದಲ ಸಲ ಬಂದಾಗ ಫ್ರೆಂಚ್ ಪದವನ್ನೇ ಉಳಿಸಿ, ಪಕ್ಕದಲ್ಲಿ ಒಂದು ಸಾಲಿನ ವಿವರಣೆ ಕೊಡುತ್ತೇನೆ. ಜಾಗ ಕಡಿಮೆಯಿದೆ ಎಂದು ಸಂಪಾದಕರು ಆ ಸಾಲಿಗೆ ಕತ್ತರಿ ಹಾಕಲು ಬಂದರೆ, ಬೇರೆ ಸಾಲು ತೆಗೆಯಿರಿ ಎಂದು ಕೇಳಿಕೊಳ್ಳುತ್ತೇನೆ.