ಪಂಪು ಇಳಿಸುವ ಮೊದಲು ಬಟ್ಟಲು ಬಿಚ್ಚಿ

ಕಬ್ಬು ಕಡಿಯುವ ಕಾಲ ಬಂತೆಂದರೆ ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರ್ ರಿಪೇರಿಯವನಾದ ನನ್ನ ಮೊಬೈಲ್ ಕೂಗತೊಡಗುತ್ತದೆ. ‘ಅಣ್ಣಾ, ಲೋಡ್ ಎಳೆಯುತ್ತಿಲ್ಲ. ಹೊಗೆ ಕಪ್ಪಗೆ ಬರುತ್ತಿದೆ. ಡೀಸೆಲ್ ಪಂಪು ಇಳಿಸಲೇಬೇಕು.’ ರೋಗವನ್ನೂ ಮದ್ದನ್ನೂ ಅವರೇ ಹೇಳಿಬಿಡುತ್ತಾರೆ, ನಾನು ಸ್ಪ್ಯಾನರ್ ತಂದರೆ ಸಾಕು.

ಹೋದವನು ಪಂಪಿನ ತಂಟೆಗೆ ಹೋಗುವುದಿಲ್ಲ. ಎಂಜಿನ್‌ಗೆ ಹೋಗುವ ಗಾಳಿಯ ಧೂಳು ಹಿಡಿಯುವ ಏರ್ ಕ್ಲೀನರ್‌ನ ಕ್ಲಿಪ್ ಸಡಿಲಿಸಿ ಕೆಳಗಿನ ಬಟ್ಟಲು ಇಳಿಸುತ್ತೇನೆ. ಎಣ್ಣೆ ಇರಬೇಕಾದ ಜಾಗದಲ್ಲಿ ರಾಗಿ ಮುದ್ದೆಯ ಹಾಗೆ ಗಟ್ಟಿಯಾದ ಕೆಸರು. ಯಾವಾಗ ಬಿಚ್ಚಿದ್ದಿರಿ ಎಂದು ಕೇಳಿದರೆ, ‘ಅದನ್ನೂ ಬಿಚ್ಚಬೇಕೇ?’ ಎಂಜಿನ್ ಆಯಿಲ್ ಬದಲಾಯಿಸಿದ ತಾರೀಖನ್ನು ಮಾತ್ರ ಶೆಡ್ಡಿನ ಗೋಡೆಯ ಮೇಲೆ ತಪ್ಪದೆ ಬರೆದಿಟ್ಟಿರುತ್ತಾರೆ.

ಡೀಸೆಲ್ ಲೆಕ್ಕ ಎಲ್ಲರಿಗೂ ಬಾಯಿಪಾಠ, ಗಾಳಿಯ ಲೆಕ್ಕ ಯಾರಿಗೂ ಬೇಡ. ಕೆಸರು ಕಟ್ಟಿ ಗಾಳಿ ಸಾಲದಾದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ. ಎರಡೂವರೆ ಲೀಟರಿನ ಎಂಜಿನ್ 2000 ಆರ್‌ಪಿಎಂನಲ್ಲಿ ಓಡುವಾಗ ನಿಮಿಷಕ್ಕೆ 2000 ಲೀಟರಿನ ಆಸುಪಾಸು ಗಾಳಿ ಒಳಗೆ ಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕೇಜ್ ವೀಲ್ ಹಾಕಿ ಕೆಸರು ಗದ್ದೆ ತುಳಿಸುವಾಗ ಧೂಳಿನ ಮಾತಿಲ್ಲ, ಒಪ್ಪುತ್ತೇನೆ. ಅದೇ ಗಾಡಿಯನ್ನು ಬೇಸಿಗೆಯಲ್ಲಿ ನಾಗಮಂಗಲದ ಕಡೆ ಒಣ ಹೊಲಕ್ಕೆ ರೋಟವೇಟರ್ ಹೊಡೆಯಲು ಬಾಡಿಗೆಗೆ ಕಳಿಸುತ್ತೀರಲ್ಲ, ಅಲ್ಲಿ ಆ ಗಾಳಿಯ ಜೊತೆ ಹೋಗುವುದೇನು? ಬಟ್ಟಲಿನ ಎಣ್ಣೆ ಹಿಡಿಯದೆ ಬಿಟ್ಟ ಧೂಳು ಸಿಲಿಂಡರಿನ ಲೈನರನ್ನೂ ಪಿಸ್ಟನ್ ರಿಂಗನ್ನೂ ತೇಯುತ್ತದೆ. ಆಮೇಲೆ ನೀಲಿ ಹೊಗೆ, ಆಯಿಲ್ ತಿನ್ನುವುದು, ಬೆಳಿಗ್ಗೆ ಸ್ಟಾರ್ಟ್ ಆಗದಿರುವುದು. ಅಷ್ಟು ಹೊತ್ತಿಗೆ ಎಂಜಿನ್ ಬೋರಿಗೆ, ಅಂದರೆ ಪೂರ್ತಿ ಬಿಚ್ಚಿ ಸಿಲಿಂಡರ್ ಸರಿಮಾಡಿಸುವ ಹಂತಕ್ಕೆ, ಬಂದಿರುತ್ತದೆ.

ಕಪ್ಪು ಹೊಗೆಗೆಲ್ಲ ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಡೀಸೆಲ್ ಚಿಮ್ಮಿಸುವ ನಾಝಲ್ ಕೆಟ್ಟಿರಬಹುದು, ಚಿಮ್ಮುವ ಟೈಮಿಂಗ್ ತಪ್ಪಿರಬಹುದು, ಟ್ರೇಲರಿಗೆ ಮಿತಿ ಮೀರಿ ಕಬ್ಬು ಪೇರಿಸಿರಬಹುದು. ಆದರೆ ಬಟ್ಟಲು ಬಿಚ್ಚಿ ನೋಡಲು ಕಾಸು ಖರ್ಚಿಲ್ಲ.

ಹೇಳಿದ್ದನ್ನು ಕೇಳಿಸಿಕೊಂಡವರು ಇನ್ನೊಂದು ತುದಿಗೆ ಹೋಗುತ್ತಾರೆ. ಮದ್ದೂರಿನ ಹತ್ತಿರ ಒಬ್ಬ ಹುಡುಗ ಗುರುತು ಮೀರಿ ತುಳುಕುವಷ್ಟು ಎಣ್ಣೆ ಸುರಿದಿದ್ದ. ಎಂಜಿನ್ ಅದನ್ನೇ ಎಳೆದುಕೊಂಡು ಉರಿಸುತ್ತಾ, ಸ್ಟಾಪ್ ಗುಂಡಿ ಎಳೆದರೂ ನಿಲ್ಲದೆ ಅರಚತೊಡಗಿದಾಗ ಗಾಡಿ ಬಿಟ್ಟು ಓಡಿದ್ದನಂತೆ! ಬಟ್ಟಲಿನಲ್ಲಿ ಗುರುತು ಇದೆ, ಅಲ್ಲಿಯವರೆಗೆ ಮಾತ್ರ, ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡಿನದೇ ಎಣ್ಣೆ. ಕ್ಲೀನರ್ ಒಳಗಿನ ತಂತಿ ಜಾಲರಿಯನ್ನು ಡೀಸೆಲಿನಲ್ಲಿ ತೊಳೆದರೆ ಪೂರ್ತಿ ಸೋರಿ ಒಣಗಿದ ಮೇಲೆಯೇ ಕೂರಿಸಿ. ಈಚಿನ ಗಾಡಿಗಳ ಒಣ ಕಾಗದದ ಫಿಲ್ಟರ್‌ಗೆ ಈ ಮಾತು ಅನ್ವಯಿಸದು. ಆ ಕಾಗದವನ್ನು ದಯವಿಟ್ಟು ಡೀಸೆಲಿಗೆ ಅದ್ದಬೇಡಿ.

ಇನ್ನು ರಬ್ಬರ್ ಹೋಸ್. ಕ್ಲೀನರ್‌ನಿಂದ ಎಂಜಿನ್‌ಗೆ ಹೋಗುವ ಈ ಹೋಸ್ ಬಿರುಕು ಬಿಟ್ಟರೆ ನಮ್ಮವರು ಸೈಕಲ್ ಟ್ಯೂಬ್ ಸುತ್ತಿ ಕಟ್ಟುತ್ತಾರೆ. ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿ. ಬೆರಳ ತುದಿಗೆ ನುಣ್ಣನೆಯ ಕೆಮ್ಮಣ್ಣು ಮೆತ್ತಿಕೊಂಡರೆ, ಬಟ್ಟಲನ್ನು ಎಷ್ಟು ತೊಳೆದರೂ ವ್ಯರ್ಥ. ಧೂಳು ಬಟ್ಟಲಿಗೆ ಸಿಗದೆ ಬಿರುಕಿನಿಂದಲೇ ಒಳಗೆ ಹೋಗುತ್ತಿದೆ.

ಆಯುಧ ಪೂಜೆಯ ದಿನ ಇದೇ ಗಾಡಿಯ ಸಡಗರ ನೋಡಬೇಕು. ಬಾಳೆಕಂದು, ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಏರ್ ಕ್ಲೀನರ್‌ಗೂ ಕುಂಕುಮ. ಹಿಂದಿನ ದಿನ ಪ್ರೆಶರ್ ಪಂಪಿನಲ್ಲಿ ತೊಳೆಯುವಾಗ ಗಾಳಿ ಹೋಗುವ ಬಾಯಿಗೇ ನೀರು ಬಿಟ್ಟಿರುತ್ತಾರೆ. ಬಾಯಿಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿರೆಂದು ಪ್ರತಿ ವರ್ಷ ಹೇಳುತ್ತೇನೆ.

ಪಂಪು ಇಳಿಸಿದ್ದರೆ ಕೇಳಿದಷ್ಟು ಕೊಡುತ್ತಿದ್ದರು. ಬಟ್ಟಲು ತೊಳೆದು ಗಾಡಿ ಸರಿಹೋದರೆ, ‘ಇಷ್ಟಕ್ಕೂ ದುಡ್ಡೇ?’ ಎಂದು ನಗುತ್ತಾರೆ. ಆಮೇಲೆ ಎಳನೀರು ಕೆತ್ತಿ ಕೈಗಿಟ್ಟು, ‘ಕಬ್ಬಿನ ಬಿಲ್ ಬರಲಿ, ಸೇರಿಸಿ ಕೊಡುತ್ತೇನೆ’ ಎನ್ನುತ್ತಾರೆ.