ಓಸಿ ಅನ್ನೋ ಎರಡಕ್ಷರಕ್ಕೆ ಎಷ್ಟು ದುಡ್ಡು?

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ತುಂಬಿದ ಬೆಂಗಳೂರಿನ ಎಸ್.ಪಿ. ರೋಡಿಗೆ ಗ್ರಾಫಿಕ್ಸ್ ಕಾರ್ಡ್, ಅಂದರೆ ಗೇಮಿನ ಚಿತ್ರಗಳನ್ನು ಪರದೆಗೆ ಬಿಡಿಸಿಕೊಡುವ ಬಿಡಿಭಾಗ, ಕೊಳ್ಳಲು ಹೋದರೆ ಒಂದೇ ಮಾಡೆಲಿನ ಎರಡು ಡಬ್ಬ ಎದುರಿಗೆ ಬರುತ್ತವೆ. ಒಂದರ ಮೇಲೆ ಬರೀ ಹೆಸರು. ಇನ್ನೊಂದರಲ್ಲಿ ಹೆಸರಿನ ಬಾಲಕ್ಕೆ ‘ಓಸಿ’ ಅಂಟಿಕೊಂಡಿರುತ್ತದೆ. ಓವರ್‌ಕ್ಲಾಕ್ ಮಾಡಿದ್ದು, ಅಂದರೆ ಚಿಪ್ಪಿಗೆ ನಿಗದಿಯಾದ ವೇಗಕ್ಕಿಂತ ಜಾಸ್ತಿ ವೇಗವನ್ನು ಕಾರ್ಖಾನೆಯಲ್ಲೇ ಹೊಂದಿಸಿ ಕಳಿಸಿದ್ದು. ಬೆಲೆಯೂ ಅಷ್ಟೋ ಇಷ್ಟೋ ಜಾಸ್ತಿ. ಕೊಡಬೇಕಾ?

ಜಾಸ್ತಿ ಅಂದರೆ ಎಷ್ಟು ಅಂತ ಮೊದಲು ನೋಡೋಣ. 2023ರ ಜೂನ್‌ನಲ್ಲಿ ಬಂದ ಆರ್‌ಟಿಎಕ್ಸ್ 4060 ಕಾರ್ಡಿಗೆ ಅದರ ಚಿಪ್ಪು ಮಾಡುವ ಎನ್ವಿಡಿಯಾ ಹೇಳಿದ ಬೂಸ್ಟ್ ವೇಗ, ಅಂದರೆ ಕೆಲಸ ಜೋರಾದಾಗ ಚಿಪ್ಪು ಏರುವ ವೇಗ, 2460 ಮೆಗಾಹರ್ಟ್ಸ್. ಆ ಚಿಪ್ಪು ಹಾಕಿ ಕಾರ್ಡು ಮಾಡುವ ಗಿಗಾಬೈಟ್ ಕಂಪನಿಯ ‘ವಿಂಡ್‌ಫೋರ್ಸ್ ಓಸಿ’ ಕಾರ್ಡಿನದು 2475. ವ್ಯತ್ಯಾಸ 15 ಮೆಗಾಹರ್ಟ್ಸ್, ಶೇಕಡಾ 0.6. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಮೂಡುವ ಚಿತ್ರ) ಬರುವ ಗೇಮಿನಲ್ಲಿ ಈ ಲಾಭ ಪೂರ್ತಿ ದಕ್ಕಿದರೂ ಅರ್ಧ ಫ್ರೇಮ್ ಕೂಡ ಸಿಗುವುದಿಲ್ಲ! ಇದಕ್ಕಿಂತ ತಮಾಷೆಯೆಂದರೆ, ಈ ಚಿಪ್ಪುಗಳು ವೇಗವನ್ನು ಏರಿಸಿ ಇಳಿಸುವುದೇ 15 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ. ಡಬ್ಬದ ಮೇಲಿನ ಓಸಿ ಅಂದರೆ ಇಲ್ಲಿ ಒಂದೇ ಒಂದು ಮೆಟ್ಟಿಲು. ಅದೇ ಕಂಪನಿಯ ‘ಗೇಮಿಂಗ್ ಓಸಿ’ 2550ಕ್ಕೆ ಹೋಗುತ್ತದೆ. ಅದೂ ಶೇಕಡಾ 4ರ ಒಳಗೇ.

ಹಿಂದೆ ಓವರ್‌ಕ್ಲಾಕ್‌ಗೆ ಬೇರೆಯದೇ ಮರ್ಯಾದೆ ಇತ್ತು. 1998ರಲ್ಲಿ ಬಂದ ಇಂಟೆಲ್‌ನ ಅಗ್ಗದ 300 ಮೆಗಾಹರ್ಟ್ಸ್‌ನ ಸೆಲೆರಾನ್ 300ಎ ಪ್ರೊಸೆಸರನ್ನು (ಕಂಪ್ಯೂಟರಿನ ಮುಖ್ಯ ಚಿಪ್ಪು) ಜನ 450 ಮೆಗಾಹರ್ಟ್ಸ್‌ನಲ್ಲಿ ಓಡಿಸುತ್ತಿದ್ದರು. ಪುಕ್ಕಟೆಯಾಗಿ ಒಂದೂವರೆ ಪಟ್ಟು ವೇಗ! ಚಿಪ್ಪಿನಲ್ಲಿ ಬಳಸದೆ ಉಳಿದ ಶಕ್ತಿ ಅಷ್ಟೊಂದು ಇರುತ್ತಿತ್ತು.

ಈಗ ಆ ಉಳಿಕೆಯನ್ನು ಚಿಪ್ಪೇ ಬಳಸಿಕೊಳ್ಳುತ್ತದೆ. 2012ರಲ್ಲಿ ಜಿಟಿಎಕ್ಸ್ 680 ಜೊತೆ ಎನ್ವಿಡಿಯಾ ‘ಜಿಪಿಯು ಬೂಸ್ಟ್’ ತಂದಿತು. ಕಾರ್ಡು ತನ್ನ ಬಿಸಿ, ಎಳೆಯುತ್ತಿರುವ ಕರೆಂಟು, ವೋಲ್ಟೇಜು ಮೂರನ್ನೂ ಸದಾ ಅಳೆಯುತ್ತದೆ. ಅವಕಾಶ ಕಂಡರೆ ಮೇಲಿನ ಮೆಟ್ಟಿಲು ಹತ್ತುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಹಾಗಾಗಿ ಸಾದಾ 4060 ಕೂಡ ಗೇಮ್ ನಡೆಯುವಾಗ 2700ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. 2460 ಅನ್ನೋದು ಡಬ್ಬದ ಮೇಲಿನ ಮಾತು, ಅಷ್ಟೇ. ಸಾದಾ ಕಾರ್ಡೇ ತನ್ನನ್ನು ತಾನು ಓವರ್‌ಕ್ಲಾಕ್ ಮಾಡಿಕೊಳ್ಳುತ್ತಿದೆ ಅಂದಮೇಲೆ ಕಾರ್ಖಾನೆಯವರು ಸೇರಿಸಲು ಉಳಿದಿರುವುದು ಎಷ್ಟು?

ಇನ್ನೂ ಮೇಲಕ್ಕೆ ತಳ್ಳಬಾರದಾ ಅಂದರೆ, ತಳ್ಳಬಹುದು. ಆದರೆ ವೇಗ ಹೆಚ್ಚಬೇಕಾದರೆ ಸಾಮಾನ್ಯವಾಗಿ ವೋಲ್ಟೇಜೂ ಹೆಚ್ಚಬೇಕು. ಚಿಪ್ಪು ತಿನ್ನುವ ಕರೆಂಟು ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. ಎರಡನ್ನೂ ಶೇಕಡಾ 5 ಹೆಚ್ಚಿಸಿ ನೋಡಿ: ಕರೆಂಟು ಹತ್ತಿರ ಹತ್ತಿರ ಶೇಕಡಾ 16 ಜಾಸ್ತಿ. ಅದೆಲ್ಲಾ ಬಿಸಿಯಾಗಿ ಹೊರಬರಬೇಕು. ಫ್ಯಾನ್ ಜೋರಾಗಿ ಅರಚುತ್ತದೆ. ಬಿಸಿ ಜಾಸ್ತಿಯಾದರೆ ಬೂಸ್ಟ್ ತಾನಾಗಿಯೇ ಮೆಟ್ಟಿಲು ಇಳಿಯುತ್ತದೆ. ದುಡ್ಡು ಕೊಟ್ಟು ತಂದ ಮೆಟ್ಟಿಲೂ ಅದರಲ್ಲಿ ಹೋಯಿತು.

ಅದಕ್ಕೇ ನಾನು ನೋಡುವುದು ಕೂಲರ್, ಅಂದರೆ ಚಿಪ್ಪಿನ ಬಿಸಿ ಹೊರಹಾಕಲು ಕಾರ್ಡಿನ ಮೇಲೆ ಕೂರಿಸಿದ ಭಾಗ. ಕಾರ್ಡಿನ ಫ್ಯಾನ್ ತಣ್ಣನೆ ಗಾಳಿ ಹುಟ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನೇ ಊದುತ್ತದೆ. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ 40 ಡಿಗ್ರಿ ದಾಟಿದಾಗ, 25 ಡಿಗ್ರಿಯ ಎಸಿ ರೂಮಿನಲ್ಲಿ ಪರೀಕ್ಷೆ ಮಾಡಿ ಬರೆದ ಅಂಕಿಗಳ ಮೇಲೆ ಹತ್ತು ಹದಿನೈದು ಡಿಗ್ರಿ ಸೇರಿಸಿಕೊಂಡೇ ಓದಬೇಕು. ಅಲ್ಲಿ ಕೆಲಸಕ್ಕೆ ಬರುವುದು ಬಿಸಿ ಹೀರಿ ಹರಡುವ ದೊಡ್ಡ ಲೋಹದ ಹೀಟ್‌ಸಿಂಕು, ನಿಧಾನವಾಗಿ ತಿರುಗುವ ದೊಡ್ಡ ಫ್ಯಾನು.

ಓಸಿ ಹೆಸರಿನ ದುಬಾರಿ ಕಾರ್ಡುಗಳಲ್ಲಿ ಹೆಚ್ಚಾಗಿ ಕೂಲರೂ ದೊಡ್ಡದಿರುತ್ತದೆ, ನಿಜ. ಆಗ ಕೊಟ್ಟ ದುಡ್ಡು ಕೂಲರಿಗೆ ಅಂದುಕೊಂಡರಾಯಿತು. ಆದರೆ ಎಲ್ಲಾ ಸಲ ಹಾಗಿರುವುದಿಲ್ಲ. 2020ರಲ್ಲಿ ಆಸುಸ್ ಕಂಪನಿಯ ‘ಟಫ್’ ಆರ್‌ಟಿಎಕ್ಸ್ 3080 ಸಾದಾ ಮತ್ತು ಓಸಿ ಎರಡರಲ್ಲೂ ಬಂತು. ಬೋರ್ಡು ಅದೇ, ಕೂಲರ್ ಅದೇ. ಒಂದರ ಬಯಾಸ್‌ನಲ್ಲಿ (ಕಾರ್ಡಿನೊಳಗೆ ಬರೆದಿಟ್ಟ ಸೆಟ್ಟಿಂಗು) ಬೂಸ್ಟ್ ವೇಗ 1710, ಇನ್ನೊಂದರಲ್ಲಿ 1785. ಎಂಎಸ್ಐ ಆಫ್ಟರ್‌ಬರ್ನರ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಪರದೆಯ ಮೇಲಿನ ವೇಗದ ಗುಂಡಿಯನ್ನು ಬಲಕ್ಕೆ ಎಳೆದರೆ ಸಾದಾ ಕಾರ್ಡೂ ಸಾಮಾನ್ಯವಾಗಿ ಅಲ್ಲಿಗೆ ಮುಟ್ಟುತ್ತದೆ.

ಓಸಿ ಕಾರ್ಡಿಗೆ ಆರಿಸಿದ ಒಳ್ಳೆಯ ಚಿಪ್ಪು ಹಾಕುತ್ತಾರೆ ಅನ್ನುವವರಿದ್ದಾರೆ. ಸುಮ್ನೆ ಹುಟ್ಟಿದ ಮಾತಲ್ಲ. 2018ರ ಆರ್‌ಟಿಎಕ್ಸ್ 2070, 2080ಗಳಿಗೆ ಎನ್ವಿಡಿಯಾ ಚಿಪ್ಪುಗಳನ್ನು ಎರಡು ದರ್ಜೆ ಮಾಡಿ ಮಾರಿತ್ತು. ಮೇಲಿನ ದರ್ಜೆಯದಕ್ಕೆ ಮಾತ್ರ ಕಾರ್ಖಾನೆ ಓವರ್‌ಕ್ಲಾಕ್‌ಗೆ ಅನುಮತಿ. ಮರುವರ್ಷವೇ ಆ ಪದ್ಧತಿ ಕೈಬಿಟ್ಟರು. ಇನ್ನು ಅಂಚಿಗೆ ತಳ್ಳಿದರೆ ಏನಾಗುತ್ತದೆ ಅನ್ನೋದಕ್ಕೆ 2020ರ ಸೆಪ್ಟೆಂಬರ್ ನೋಡಿ. ಹೊಸ 3080 ಕಾರ್ಡುಗಳು 2000 ಮೆಗಾಹರ್ಟ್ಸ್ ಆಸುಪಾಸು ಮುಟ್ಟಿದಾಗ ಗೇಮುಗಳು ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತಿದ್ದವು. ಕೊನೆಗೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ನ 456.55 ಆವೃತ್ತಿ ಬಂದು ಸರಿಹೋಯಿತು.

ಎರಡಕ್ಕೂ ಒಂದೇ ಬೆಲೆಯಾ? ಓಸಿಯನ್ನೇ ತನ್ನಿ, ನಷ್ಟವೇನಿಲ್ಲ. ಬೆಲೆ ಬೇರೆ, ಕೂಲರ್ ಮಾತ್ರ ಒಂದೇ ಅಂದರೆ ಸಾದಾ ಸಾಕು. ಕೂಲರ್ ದೊಡ್ಡದಿದ್ದು ಅದಕ್ಕೇ ಜಾಸ್ತಿ ಕೊಡುವ ಹಾಗಿದ್ದರೆ, ಡಬ್ಬ ಒಡೆಯುವ ಮೊದಲು ಕಾರ್ಡಿನ ಉದ್ದ ಎಷ್ಟು, ನಿಮ್ಮ ಕಂಪ್ಯೂಟರಿನ ಕ್ಯಾಬಿನೆಟ್‌ನಲ್ಲಿ ಜಾಗ ಎಷ್ಟು ಅಂತ ಟೇಪ್ ಹಿಡಿದು ನೋಡಿಕೊಳ್ಳಿ.