ಎಂಟರ್ ಒತ್ತಿದ ಮೇಲೆ ಶೆಲ್ ಏನು ಓದುತ್ತೆ: ಡೈರೆಕ್ಟರಿ ಡಿಲೀಟ್ ಮಾಡೋರಿಗೆ

ಸರ್ವರ್ ಕೆಲಸಕ್ಕೆ ಹೊಸದಾಗಿ ಬಂದವರು ಕೇಳೋ ಪ್ರಶ್ನೆ ಇದು: ಒಂದು ಫೋಲ್ಡರ್ ಒಳಗಿರೋದೆಲ್ಲ ಸೇರಿಸಿ ಪೂರ್ತಿ ಡಿಲೀಟ್ ಆಗ್ಬೇಕು, ಯಾವ ಕಮಾಂಡ್? ಉತ್ತರ ಒಂದೇ ಸಾಲು. ಲಿನಕ್ಸ್ ಅಥವಾ ಮ್ಯಾಕ್ ಆದ್ರೆ ಆರ್‌ಎಂ ಮೈನಸ್ ಆರ್, ವಿಂಡೋಸ್ ಆದ್ರೆ ಆರ್‌ಡಿ ಸ್ಲ್ಯಾಶ್ ಎಸ್. ಆದ್ರೆ ಅಷ್ಟೇ ಹೇಳಿ ಕಳಿಸೋಕೆ ನನಗೆ ಮನಸ್ಸು ಬರಲ್ಲ, ಯಾಕಂದ್ರೆ ಡೇಟಾ ಹೋಯ್ತು ಅಂತ ನನ್ನ ಹತ್ರ ಬಂದ ಕೇಸುಗಳಲ್ಲಿ ಕಮಾಂಡ್ ತಪ್ಪಾಗಿದ್ದು ಕಡಿಮೆ, ಕಮಾಂಡ್ ಸರಿಯಾಗೇ ಇತ್ತು, ಅದರ ಕೈಗೆ ಸಿಕ್ಕಿದ ಪಾಥ್ (ಫೈಲ್ ಇರೋ ಜಾಗದ ವಿಳಾಸ) ಬೇರೆ ಇತ್ತು. ನೀವು ಟೈಪ್ ಮಾಡಿದ ಪಾಥ್ ಒಂದು, ಶೆಲ್ (ನೀವು ಟೈಪ್ ಮಾಡಿದ್ದನ್ನ ಓದಿ ಕಮಾಂಡ್ ಓಡಿಸೋ ಪ್ರೋಗ್ರಾಂ) ಅದನ್ನ ಬಿಡಿಸಿ ಕಮಾಂಡ್‌ಗೆ ಕೊಡೋ ಪಾಥ್ ಇನ್ನೊಂದು. ಈ ಎರಡರ ನಡುವೆ ಏನಾಗುತ್ತೆ ಅನ್ನೋದು ಗೊತ್ತಿಲ್ದೆ ಡಿಲೀಟ್ ಕಮಾಂಡ್ ಬಾಯಿಪಾಠ ಮಾಡಿಸೋದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಡೈರೆಕ್ಟರಿ, ಅಂದ್ರೆ ಫೋಲ್ಡರ್, ನಿಜಕ್ಕೂ ಏನು ಅಂತ ನೋಡೋಣ. ಯುನಿಕ್ಸ್ ಥರದ ಸಿಸ್ಟಮ್‌ನಲ್ಲಿ ಡೈರೆಕ್ಟರಿ ಒಂದು ಪಟ್ಟಿ ಅಷ್ಟೇ, ಈ ಹೆಸರಿಗೆ ಈ ಐನೋಡ್ (ಡಿಸ್ಕ್‌ನಲ್ಲಿರೋ ಫೈಲ್‌ನ ನಿಜವಾದ ದಾಖಲೆ) ನಂಬರ್ ಅಂತ. ಫೈಲ್ ಡಿಲೀಟ್ ಅಂದ್ರೆ ಆ ಪಟ್ಟಿಯಿಂದ ಒಂದು ಸಾಲು ತೆಗೆಯೋದು, ಅದಕ್ಕೇ ಸಿಸ್ಟಮ್ ಕಾಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಪ್ರೋಗ್ರಾಂ ಕೊಡೋ ಕರೆ) ಹೆಸರು ಅನ್‌ಲಿಂಕ್ ಅಂತ ಇರೋದು. ಹಾಗಾಗಿ ಒಂದು ಫೈಲ್ ಅಳಿಸೋಕೆ ಆ ಫೈಲ್ ಮೇಲೆ ರೈಟ್ ಪರ್ಮಿಷನ್ ಬೇಕಿಲ್ಲ, ಅದು ಇರೋ ಡೈರೆಕ್ಟರಿ ಮೇಲೆ ಬೇಕು. ರೀಡ್ ಓನ್ಲಿ ಮಾಡಿಟ್ಟಿದ್ದೆ, ಆದ್ರೂ ಹೇಗೆ ಹೋಯ್ತು ಅಂತ ಜನ ಕೇಳೋದು ಇದು ಗೊತ್ತಿಲ್ದೇ ಇರೋದಕ್ಕೆ. ಟೆಂಪ್ ಡೈರೆಕ್ಟರಿಯಲ್ಲಿ ಎಲ್ಲರಿಗೂ ಬರೆಯೋ ಹಕ್ಕು ಇದ್ರೂ ಒಬ್ಬರ ಫೈಲ್ ಇನ್ನೊಬ್ಬರು ಅಳಿಸೋಕೆ ಆಗಲ್ಲ ಅಲ್ವಾ, ಅದು ಸ್ಟಿಕಿ ಬಿಟ್ ಅನ್ನೋ ಬೇರೆ ಗುರುತಿನಿಂದ.

ಡೈರೆಕ್ಟರಿ ಅಳಿಸೋಕೆ ಅಂತಲೇ ಇರೋ ಮೂಲ ಕಮಾಂಡ್ ಆರ್‌ಎಂಡಿಐಆರ್. ಅದು ಖಾಲಿ ಡೈರೆಕ್ಟರಿ ಮಾತ್ರ ತೆಗೆಯುತ್ತೆ, ಒಳಗೆ ಒಂದೇ ಒಂದು ಫೈಲ್ ಇದ್ರೂ ಖಾಲಿ ಇಲ್ಲ ಅಂತ ಹೇಳಿ ನಿಲ್ಲುತ್ತೆ. ಕರ್ನಲ್ ಒಳಗೆ ಇದಕ್ಕೆ ಪ್ರತ್ಯೇಕ ಸಿಸ್ಟಮ್ ಕಾಲ್ ಬಂದಿದ್ದು 1983ರ 4.2 ಬಿಎಸ್‌ಡಿ ಅನ್ನೋ ಯುನಿಕ್ಸ್ ವರ್ಷನ್‌ನಲ್ಲಿ. ಅದೇ 1983ರಲ್ಲಿ ಎಂಎಸ್‌ ಡಾಸ್ 2.0 ಜೊತೆ ಪಿಸಿ ಲೋಕಕ್ಕೂ ಸಬ್ ಡೈರೆಕ್ಟರಿಗಳು ಬಂದ್ವು, ಅಲ್ಲೂ ಆರ್‌ಡಿ ಖಾಲಿ ಡೈರೆಕ್ಟರಿ ಮಾತ್ರ ಅಳಿಸ್ತಿತ್ತು, ತುಂಬಿರೋದನ್ನ ಒಂದೇ ಏಟಿಗೆ ಅಳಿಸೋ ಡೆಲ್‌ಟ್ರೀ ಬರೋಕೆ 1993ರ 6.0 ವರ್ಷನ್ ತನಕ ಕಾಯಬೇಕಾಯ್ತು. ಆ ಖಾಲಿ ಡೈರೆಕ್ಟರಿ ನಿಯಮ ಈಗಿನವರಿಗೆ ಕಿರಿಕಿರಿ ಅನ್ಸುತ್ತೆ, ನಾನು ಮಾತ್ರ ಇವತ್ತಿಗೂ ಅದನ್ನೇ ಮೊದಲು ಬಳಸ್ತೀನಿ. ಖಾಲಿ ಇರ್ಬೇಕು ಅಂತ ನಾನು ಅಂದ್ಕೊಂಡಿರೋ ಡೈರೆಕ್ಟರಿಗೆ ಆರ್‌ಎಂಡಿಐಆರ್ ಹೊಡೆದಾಗ ಅದು ಒಪ್ಪಲಿಲ್ಲ ಅಂದ್ರೆ ನನ್ನ ಅಂದಾಜು ತಪ್ಪು ಅಂತ ಅರ್ಥ, ಅದು ಬೇಕಾದ ಮಾಹಿತಿ. ಸ್ಕ್ರಿಪ್ಟ್‌ಗಳಲ್ಲೂ ಕೊನೆಗೆ ಡೈರೆಕ್ಟರಿ ತೆಗೆಯೋ ಕಡೆ ಆರ್‌ಎಂ ಮೈನಸ್ ಆರ್‌ಎಫ್ ಬದಲು ಇದನ್ನೇ ಹಾಕಿ.

ಆರ್‌ಎಂ ಮೈನಸ್ ಆರ್ ಮಾಡೋದೂ ಕೊನೆಗೆ ಇದನ್ನೇ. ಒಳಗಿಳಿದು, ಇನ್ನೂ ಒಳಗಿಳಿದು, ತಳದಿಂದ ಒಂದೊಂದೇ ಹೆಸರು ತೆಗೀತಾ ಮೇಲೆ ಬಂದು, ಡೈರೆಕ್ಟರಿ ಖಾಲಿ ಆದ ಮೇಲೆ ಅದನ್ನೂ ತೆಗೆಯುತ್ತೆ. ಅಂದ್ರೆ ಇದು ಒಂದು ಕ್ರಿಯೆ ಅಲ್ಲ, ಸಾವಿರಾರು ಸಣ್ಣ ಡಿಲೀಟ್‌ಗಳು, ಮಧ್ಯದಲ್ಲಿ ಕಂಟ್ರೋಲ್ ಸಿ ಒತ್ತಿದ್ರೆ ಅಲ್ಲಿವರೆಗೆ ಹೋಗಿದ್ದು ಹೋಯ್ತು, ಉಳಿದಿದ್ದು ಉಳೀತು. ಎಫ್ ಅನ್ನೋದು ಕೇಳಬೇಡ ಮತ್ತು ಫೈಲ್ ಇಲ್ದಿದ್ರೂ ದೂರು ಹೇಳಬೇಡ ಅನ್ನೋದಕ್ಕೆ. ತುಂಬಾ ಜನ ಆರ್ ಮತ್ತು ಎಫ್ ಎರಡೂ ಸೇರಿದ್ರೇನೇ ಡೈರೆಕ್ಟರಿ ಹೋಗೋದು ಅಂದ್ಕೊಂಡಿದ್ದಾರೆ, ಹಾಗೇನಿಲ್ಲ, ಎಫ್ ಇಲ್ಲದೇನೂ ಹೋಗುತ್ತೆ. ಲಿನಕ್ಸ್‌ನಲ್ಲಿ ದೊಡ್ಡಕ್ಷರದ ಐ ಆಪ್ಷನ್ ಕೊಟ್ರೆ ಡೈರೆಕ್ಟರಿ ಸಮೇತ ಅಳಿಸೋ ಮುಂಚೆ ಒಂದೇ ಸಲ ಕೇಳುತ್ತೆ, ಅದು ಸಾಕು. ಸಣ್ಣಕ್ಷರದ ಐ ಪ್ರತಿ ಫೈಲ್‌ಗೂ ಕೇಳುತ್ತೆ, ಹತ್ತು ಸಲ ವೈ ಒತ್ತಿದ ಮೇಲೆ ಯಾರೂ ಓದಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಸ್ಟಾರ್ (ಎಲ್ಲ ಹೆಸರುಗಳೂ ಅನ್ನೋ ಗುರುತು), ಟಿಲ್ಡೆ (ನಿಮ್ಮ ಹೋಮ್ ಡೈರೆಕ್ಟರಿ ಅನ್ನೋ ~ ಗುರುತು), ಡಾಲರ್ ವೇರಿಯಬಲ್ (ಹೆಸರು ಕೊಟ್ಟು ಇಟ್ಟ ಮೌಲ್ಯ), ಸ್ಪೇಸ್, ಇವ್ಯಾವೂ ಆರ್‌ಎಂ ಕಣ್ಣಿಗೆ ಬೀಳಲ್ಲ. ಶೆಲ್ ಮೊದಲೇ ಅವನ್ನ ಬಿಡಿಸಿ, ಬಂದ ಹೆಸರುಗಳ ಪಟ್ಟಿಯನ್ನ ಆರ್‌ಎಂಗೆ ಕೊಡುತ್ತೆ. ಪಾಥ್ ಮಧ್ಯೆ ಒಂದು ಸ್ಪೇಸ್ ಬಿತ್ತು ಅಂದ್ರೆ ಅದು ಎರಡು ಹೆಸರು. 2011ರಲ್ಲಿ ಬಂಬಲ್‌ಬೀ ಅನ್ನೋ ಗ್ರಾಫಿಕ್ಸ್ ಪ್ರಾಜೆಕ್ಟ್‌ನ ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ ಆಗಿದ್ದು ಇದೇ, ಸ್ಲ್ಯಾಶ್ ಯುಎಸ್‌ಆರ್ ಆದ ತಕ್ಷಣ ಒಂದು ಸ್ಪೇಸ್ ಸೇರಿಕೊಂಡು, ಒಳಗಿನ ಒಂದು ಸಣ್ಣ ಡೈರೆಕ್ಟರಿ ಹೋಗೋ ಜಾಗದಲ್ಲಿ ಇಡೀ ಯುಎಸ್‌ಆರ್ ಡೈರೆಕ್ಟರಿಯೇ ಹೋಗ್ತಿತ್ತು.

ವೇರಿಯಬಲ್ ಖಾಲಿ ಇರೋ ಕಥೆ ಇದಕ್ಕಿಂತ ಕೆಟ್ಟದು, ಯಾಕಂದ್ರೆ ಬರೆದ ಸಾಲು ನೋಡೋಕೆ ಪೂರ್ತಿ ಸರಿಯಾಗೇ ಕಾಣುತ್ತೆ. 2015ರ ಜನವರಿಯಲ್ಲಿ ಗೇಮ್‌ಗಳಿಗಿರೋ ಸ್ಟೀಮ್ ಆಪ್‌ನ ಲಿನಕ್ಸ್ ಸ್ಕ್ರಿಪ್ಟ್ ಬಗ್ಗೆ ಒಂದು ಬಗ್ ರಿಪೋರ್ಟ್ ಬಂತು. ಸ್ಕ್ರಿಪ್ಟ್ ತಾನಿರೋ ಡೈರೆಕ್ಟರಿ ಯಾವುದು ಅಂತ ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟು, ಆಮೇಲೆ ಆ ವೇರಿಯಬಲ್, ಸ್ಲ್ಯಾಶ್, ಸ್ಟಾರ್ ಅಂತ ಆರ್‌ಎಂ ಮೈನಸ್ ಆರ್‌ಎಫ್ ಹೊಡೀತಿತ್ತು. ಬಳಕೆದಾರ ಸ್ಟೀಮ್ ಡೈರೆಕ್ಟರಿಯನ್ನ ಬೇರೆ ಕಡೆ ಮೂವ್ ಮಾಡಿದ್ರಿಂದ ವೇರಿಯಬಲ್ ಖಾಲಿ ಬಂತು, ಉಳಿದಿದ್ದು ಬರೀ ಸ್ಲ್ಯಾಶ್ ಸ್ಟಾರ್. ಆ ಮನುಷ್ಯ ಅಳಿಸೋ ಹಕ್ಕಿದ್ದ ಫೈಲ್‌ಗಳೆಲ್ಲ ಹೋದ್ವು, ಬ್ಯಾಕಪ್ ಇಟ್ಟಿದ್ದ ಎಕ್ಸ್‌ಟರ್ನಲ್ ಡಿಸ್ಕ್ ಕೂಡ ಮೌಂಟ್ ಆಗಿದ್ರಿಂದ (ಒಂದು ಡೈರೆಕ್ಟರಿಯಾಗಿ ಸೇರಿಕೊಂಡಿದ್ರಿಂದ) ಅದೂ ಹೋಯ್ತು. ಆ ಸಾಲಿನ ಮೇಲೆ ಇದು ಭಯಾನಕ ಅಂತ ಬರೆದವರೇ ಕಾಮೆಂಟ್ ಹಾಕಿದ್ರು ಅನ್ನೋದು ನನ್ನನ್ನ ಇವತ್ತಿಗೂ ಕಾಡುತ್ತೆ, ಭಯ ಇತ್ತು, ಚೆಕ್ ಇರಲಿಲ್ಲ.

ಆರ್‌ಎಂ ಈಗ ರೂಟ್ ಡೈರೆಕ್ಟರಿ (ಬರೀ ಸ್ಲ್ಯಾಶ್, ಎಲ್ಲದಕ್ಕಿಂತ ಮೇಲಿನದು) ಅಳಿಸೋಕೆ ಒಪ್ಪಲ್ಲ ಅಲ್ವಾ ಅಂತ ಕೇಳ್ತಾರೆ. ಹೌದು, ಪ್ರಿಸರ್ವ್ ರೂಟ್ ಅನ್ನೋದು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರೋ ಗ್ನೂ ಆರ್‌ಎಂನಲ್ಲಿ ತಾನಾಗೇ ಆನ್ ಇರುತ್ತೆ. ಆದ್ರೆ ಅದು ತಡೆಯೋದು ಬರೀ ಸ್ಲ್ಯಾಶ್ ಅಂತ ಬಂದಾಗ. ಸ್ಲ್ಯಾಶ್ ಸ್ಟಾರ್ ಅಂದಾಗ ಶೆಲ್ ಅದನ್ನ ಬಿನ್, ಬೂಟ್, ಹೋಮ್ ಅಂತ ಬಿಡಿಸಿ ಕೊಟ್ಟಿರುತ್ತೆ, ಬರೀ ಸ್ಲ್ಯಾಶ್ ಅನ್ನೋದು ಪಟ್ಟಿಯಲ್ಲೇ ಇರಲ್ಲ. ಹಾಗಾಗಿ ಸ್ಕ್ರಿಪ್ಟ್ ಬರೆಯೋರು ವೇರಿಯಬಲ್‌ಗೆ ಬ್ರೇಸ್ ಹಾಕಿ ಒಳಗೆ ಕೋಲನ್ ಮತ್ತು ಪ್ರಶ್ನಾರ್ಥಕ ಚಿಹ್ನೆ ಸೇರಿಸ್ಬೇಕು, ಖಾಲಿ ಇದ್ರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತೆ. ಡಬಲ್ ಕೋಟ್ ಕಡ್ಡಾಯ. ಇನ್ನೊಂದು, ಮೊದಲ ಸಾಲಲ್ಲಿ ಸಿಡಿ (ಬೇರೆ ಡೈರೆಕ್ಟರಿಗೆ ಹೋಗೋ ಕಮಾಂಡ್) ಮಾಡಿ ಮುಂದಿನ ಸಾಲಲ್ಲಿ ಆರ್‌ಎಂ ಸ್ಟಾರ್ ಬರೆಯೋ ಅಭ್ಯಾಸ ದಯವಿಟ್ಟು ಬಿಡಿ, ಸಿಡಿ ಫೇಲ್ ಆದ್ರೆ ನೀವು ನಿಂತಿರೋ ಜಾಗವೇ ಖಾಲಿ ಆಗುತ್ತೆ, ಎರಡನ್ನೂ ಡಬಲ್ ಆಂಪರ್ಸೆಂಡ್‌ನಿಂದ ಜೋಡಿಸಿ.

ಟಿಲ್ಡೆ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾವುದೋ ಪ್ರೋಗ್ರಾಂ ಟಿಲ್ಡೆಯನ್ನ ಬಿಡಿಸದೆ ಹಾಗೇ ಬಳಸಿ, ಟಿಲ್ಡೆ ಅನ್ನೋ ಹೆಸರಿನದ್ದೇ ಒಂದು ಡೈರೆಕ್ಟರಿ ಕ್ರಿಯೇಟ್ ಮಾಡಿರುತ್ತೆ, ನೀವು ಲಿಸ್ಟ್‌ನಲ್ಲಿ ಅದನ್ನ ನೋಡಿ ಇದೇನಿದು ಕಸ ಅಂತ ಆರ್‌ಎಂ ಮೈನಸ್ ಆರ್‌ಎಫ್ ಟಿಲ್ಡೆ ಅಂದ್ರೆ ಹೋಗೋದು ಆ ಕಸ ಅಲ್ಲ, ನಿಮ್ಮ ಹೋಮ್ ಡೈರೆಕ್ಟರಿ. ಇಂಥ ವಿಚಿತ್ರ ಹೆಸರುಗಳಿಗೆಲ್ಲ ಮುಂದೆ ಡಾಟ್ ಸ್ಲ್ಯಾಶ್ ಸೇರಿಸಿ, ಮೈನಸ್‌ನಿಂದ ಶುರುವಾಗೋ ಹೆಸರಿಗೂ ಇದೇ ಮದ್ದು.

ಪಾಥ್ ಸರಿ ಇದ್ದೂ ಒಳಗಿರೋದು ಬೇರೆ ಇರೋ ಸಂದರ್ಭ ಮೌಂಟ್‌ಗಳದು. ಕ್ರೂಟ್ ಎನ್ವಿರಾನ್‌ಮೆಂಟ್ (ಒಂದು ಡೈರೆಕ್ಟರಿಯನ್ನೇ ರೂಟ್ ಅಂತ ತೋರಿಸೋ ಪ್ರತ್ಯೇಕ ಜಾಗ) ಮಾಡೋವಾಗ ನಿಜವಾದ ಹೋಮ್ ಡೈರೆಕ್ಟರಿಯನ್ನ ಅದರೊಳಗೆ ಬೈಂಡ್ ಮೌಂಟ್ ಮಾಡಿರ್ತೀರಿ (ಅದೇ ಡೈರೆಕ್ಟರಿ ಇನ್ನೊಂದು ಪಾಥ್‌ನಲ್ಲೂ ಕಾಣೋ ಹಾಗೆ), ಕೆಲಸ ಮುಗಿದ ಮೇಲೆ ಅನ್‌ಮೌಂಟ್ ಮಾಡದೆ ಇಡೀ ಡೈರೆಕ್ಟರಿ ಅಳಿಸಿದ್ರೆ ಆರ್‌ಎಂ ಮೌಂಟ್ ದಾಟಿ ನಿಜವಾದ ಫೈಲ್‌ಗಳನ್ನೇ ತಿನ್ನುತ್ತೆ. ಅಳಿಸೋ ಮುಂಚೆ ಫೈಂಡ್‌ಮೌಂಟ್ ಓಡಿಸಿ ಆ ಪಾಥ್ ಕೆಳಗೆ ಏನಾದ್ರೂ ಮೌಂಟ್ ಇದೆಯಾ ನೋಡಿ. ವನ್ ಫೈಲ್ ಸಿಸ್ಟಮ್ ಅನ್ನೋ ಆಪ್ಷನ್ ಇದೆ, ಬೇರೆ ಡಿಸ್ಕ್, ನೆಟ್‌ವರ್ಕ್ ಶೇರ್ ಒಳಗೆ ಹೋಗೋದನ್ನ ತಡೆಯುತ್ತೆ, ಆದ್ರೆ ಅದೇ ಫೈಲ್‌ಸಿಸ್ಟಮ್‌ನ ಬೈಂಡ್ ಮೌಂಟ್‌ಗೆ ಅದನ್ನ ನಂಬಿ ಕೂರಬೇಡಿ. ಸಿಂಬಾಲಿಕ್ ಲಿಂಕ್ (ಬೇರೆ ಪಾಥ್‌ಗೆ ಕೈತೋರಿಸೋ ಶಾರ್ಟ್‌ಕಟ್) ವಿಷಯ ಅಷ್ಟು ಭಯ ಇಲ್ಲ, ಆರ್‌ಎಂ ಲಿಂಕ್ ಮಾತ್ರ ತೆಗೆಯುತ್ತೆ, ಹಿಂಬಾಲಿಸಿ ಹೋಗಲ್ಲ, ಆದ್ರೆ ಲಿಂಕ್ ಹೆಸರಿನ ಮುಂದೆ ನೀವೇ ಸ್ಲ್ಯಾಶ್ ಸ್ಟಾರ್ ಹಾಕಿದ್ರೆ ಶೆಲ್ ಆಚೆ ಕಡೆಯ ಫೈಲ್‌ಗಳನ್ನೇ ಪಟ್ಟಿ ಮಾಡಿ ಕೊಡುತ್ತೆ.

ಪಾಥ್ ಸರಿ, ಮೆಷಿನ್ ಬೇರೆ ಅನ್ನೋದೂ ಉಂಟು. 2017ರ ಜನವರಿ 31ರಂದು ಕೋಡ್ ಇಡೋ ಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ ಸೆಕೆಂಡರಿ ಡೇಟಾಬೇಸ್ ಸರ್ವರ್‌ನ ಡೇಟಾ ಡೈರೆಕ್ಟರಿ ಅಳಿಸಲು ಹೋಗಿ ಪ್ರೈಮರಿ ಸರ್ವರ್‌ನದು ಅಳಿಸಿಹೋಯ್ತು. ಗೊತ್ತಾಗಿ ನಿಲ್ಲಿಸೋ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ರೆಗ್ಯುಲರ್ ಡೇಟಾಬೇಸ್ ಬ್ಯಾಕಪ್ ವರ್ಷನ್ ಹೊಂದಾಣಿಕೆ ಆಗದೆ ಫೇಲ್ ಆಗ್ತಾ ಇದ್ದಿದ್ದು ಆವತ್ತೇ ಬೆಳಕಿಗೆ ಬಂತು, ಕೊನೆಗೆ 6 ಗಂಟೆ ಹಿಂದಿನ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್ (ಡಿಸ್ಕ್ ಆ ಹೊತ್ತಲ್ಲಿ ಹೇಗಿತ್ತೋ ಆ ಪ್ರತಿ) ಕೈಹಿಡೀತು. ಅವರು ಎಲ್ಲವನ್ನೂ ಮುಚ್ಚಿಡದೆ ಬಹಿರಂಗವಾಗಿ ಬರೆದರು, ಅದಕ್ಕೆ ನನಗೆ ತುಂಬಾ ಗೌರವ ಇದೆ. ಅಳಿಸೋ ಮುಂಚೆ ಹೋಸ್ಟ್‌ನೇಮ್ (ಯಾವ ಮೆಷಿನ್) ಮತ್ತು ಪಿಡಬ್ಲ್ಯೂಡಿ (ಯಾವ ಡೈರೆಕ್ಟರಿ) ಎರಡೂ ಹೊಡೆದು ಜೋರಾಗಿ ಓದಿ ಅಂತ ನಾನು ಹೊಸಬರಿಗೆ ಹೇಳೋದು ಇದಕ್ಕೇ.

ಹಾಗಾದ್ರೆ ನಾನು ಹೇಗೆ ಮಾಡ್ತೀನಿ? ಅದೇ ಪ್ಯಾಟರ್ನ್‌ಗೆ ಮೊದಲು ಎಲ್‌ಎಸ್ (ಫೈಲ್ ಪಟ್ಟಿ ತೋರಿಸೋ ಕಮಾಂಡ್) ಹೊಡೀತೀನಿ, ಶೆಲ್ ಏನು ಬಿಡಿಸುತ್ತೆ ಅಂತ ಕಣ್ಣಾರೆ ನೋಡ್ತೀನಿ. ಆಮೇಲೆ ಡಿಲೀಟ್ ಮಾಡಲ್ಲ, ಎಂವಿ (ಮೂವ್ ಕಮಾಂಡ್) ಮಾಡ್ತೀನಿ, ಹೆಸರಿನ ಕೊನೆಗೆ ತಾರೀಖು ಸೇರಿಸಿ ಪಕ್ಕಕ್ಕೆ ಇಡ್ತೀನಿ. ಒಂದೇ ಫೈಲ್‌ಸಿಸ್ಟಮ್ ಒಳಗೆ ಅದು ಬರೀ ಹೆಸರು ಬದಲಾವಣೆ, ಎಷ್ಟು ಜಿಬಿ ಇದ್ರೂ ಕ್ಷಣದಲ್ಲಿ ಆಗುತ್ತೆ. ಯಾವುದಾದ್ರೂ ಸರ್ವಿಸ್ ಆ ಪಾಥ್ ಹುಡುಕ್ತಾ ಇದ್ರೆ ಈಗ ಎರರ್ ಕೊಡುತ್ತೆ, ನಾವು ಹೆಸರು ವಾಪಸ್ ಬದಲಾಯಿಸಿದ್ರೆ ಸಾಕು. ಒಂದು ವಾರ ಯಾರೂ ಕೇಳದಿದ್ರೆ ಆಗ ಅಳಿಸೋದು. ಡಿಸ್ಕ್ ತುಂಬಿ ಸರ್ವರ್ ನಿಂತೇ ಹೋಗಿರೋ ಹೊತ್ತಲ್ಲಿ ಇದಕ್ಕೆ ಟೈಮ್ ಇರಲ್ಲ ನಿಜ, ಆದ್ರೆ ಅಂಥ ಹೊತ್ತಲ್ಲೇ ತಪ್ಪು ಪಾಥ್ ಬೀಳೋದು.

ಡಿಸ್ಕ್ ತುಂಬಿದಾಗ ಇನ್ನೊಂದು ಗೊಂದಲ. ಲಾಗ್ ಡೈರೆಕ್ಟರಿ ಪೂರ್ತಿ ಅಳಿಸಿದ್ರು, ಡಿಯು (ಫೈಲ್‌ಗಳ ಗಾತ್ರ ಕೂಡಿಸೋ ಕಮಾಂಡ್) ಕಮ್ಮಿ ತೋರಿಸುತ್ತೆ, ಡಿಎಫ್ (ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳೋದು) ಮಾತ್ರ ಇನ್ನೂ 100 ಪರ್ಸೆಂಟ್. ಯಾವುದೋ ಪ್ರೋಸೆಸ್ ಆ ಫೈಲ್‌ಗಳನ್ನ ಓಪನ್ ಇಟ್ಕೊಂಡಿದೆ, ಹೆಸರು ಹೋಗಿದೆ, ಐನೋಡ್ ಬದುಕಿದೆ, ಪ್ರೋಸೆಸ್ ಮುಚ್ಚೋ ತನಕ ಜಾಗ ವಾಪಸ್ ಬರಲ್ಲ. ಓಪನ್ ಇರೋ ಫೈಲ್‌ಗಳನ್ನ ಪಟ್ಟಿ ಮಾಡೋ ಎಲ್‌ಎಸ್‌ಒಎಫ್‌ಗೆ ಪ್ಲಸ್ ಎಲ್ 1 ಕೊಟ್ರೆ ಅಂಥವು ಸಿಗುತ್ವೆ, ಆ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಲಕ್ಷಾಂತರ ಫೈಲ್ ಇರೋ ಡೈರೆಕ್ಟರಿಯಲ್ಲಿ ಸ್ಟಾರ್ ಹಾಕಿದ್ರೆ ಆರ್ಗ್ಯುಮೆಂಟ್ ಲಿಸ್ಟ್ ಉದ್ದ ಆಯ್ತು ಅನ್ನೋ ಎರರ್ ಬರುತ್ತೆ, ಅಲ್ಲಿ ಫೈಲ್ ಹುಡುಕೋ ಫೈಂಡ್ ಕಮಾಂಡ್ ಮತ್ತು ಅದರ ಡಿಲೀಟ್ ಆಪ್ಷನ್ ಬಳಸಿ, ಆದ್ರೆ ಡಿಲೀಟ್ ಕೊನೆಯಲ್ಲೇ ಇರ್ಬೇಕು. ಫೈಂಡ್ ಎಡದಿಂದ ಬಲಕ್ಕೆ ಲೆಕ್ಕ ಹಾಕುತ್ತೆ, ನೇಮ್ ಅನ್ನೋ ಷರತ್ತಿನ ಮುಂಚೆ ಡಿಲೀಟ್ ಬಂದ್ರೆ ಷರತ್ತು ನೋಡೋ ಮುಂಚೆನೇ ಎಲ್ಲ ಹೋಗಿರುತ್ತೆ. ಮೊದಲು ಡಿಲೀಟ್ ಇಲ್ಲದೆ ಪ್ರಿಂಟ್ ಮಾಡಿಸಿ.

ವಿಂಡೋಸ್ ಕಡೆಗೆ ಬಂದ್ರೆ, ಆರ್‌ಡಿ ಸ್ಲ್ಯಾಶ್ ಎಸ್ ಒಂದು ಸಲ ಕೇಳುತ್ತೆ, ಸ್ಲ್ಯಾಶ್ ಕ್ಯೂ ಸೇರಿಸಿದ್ರೆ ಅದೂ ಇಲ್ಲ, ಎರಡರಲ್ಲೂ ರಿಸೈಕಲ್ ಬಿನ್‌ಗೆ ಏನೂ ಹೋಗಲ್ಲ. ಡೆಲ್ ಸ್ಲ್ಯಾಶ್ ಎಸ್ ಅಂದ್ರೆ ಫೈಲ್‌ಗಳು ಹೋಗಿ ಖಾಲಿ ಫೋಲ್ಡರ್‌ಗಳು ಉಳಿಯುತ್ವೆ. ಪವರ್‌ಶೆಲ್‌ನಲ್ಲಿ ಆರ್‌ಡಿ ಅನ್ನೋದು ರಿಮೂವ್ ಐಟಂ ಕಮಾಂಡ್‌ನ ಇನ್ನೊಂದು ಹೆಸರು, ಅಲ್ಲಿ ಸ್ಲ್ಯಾಶ್ ಎಸ್ ನಡೆಯಲ್ಲ, ರಿಕರ್ಸ್ ಅಂತ ಕೊಡಬೇಕು. ಅದಕ್ಕೆ ವಾಟ್ ಇಫ್ ಅಂತ ಸೇರಿಸಿದ್ರೆ ಯಾವ ಫುಲ್ ಪಾಥ್ ಅಳಿಸ್ತೀನಿ ಅಂತ ತೋರಿಸಿ ಸುಮ್ನಾಗುತ್ತೆ, ಇಂಥದ್ದೊಂದು ಆರ್‌ಎಂನಲ್ಲೂ ಇದ್ದಿದ್ರೆ ಎಷ್ಟು ಡೇಟಾ ಉಳೀತಿತ್ತೋ. ಫೋಲ್ಡರ್ ಬಳಕೆಯಲ್ಲಿದೆ ಅಂತ ಬಂದ್ರೆ ಹೆಚ್ಚಾಗಿ ಬೇರೊಂದು ವಿಂಡೋ ಅದೇ ಫೋಲ್ಡರ್ ಒಳಗೆ ನಿಂತಿರುತ್ತೆ. 260 ಅಕ್ಷರದ ಮಿತಿ ದಾಟಿದ ಪಾಥ್‌ಗಳು ಜಗ್ಗದಿದ್ರೆ ಒಂದು ಖಾಲಿ ಫೋಲ್ಡರ್ ಮಾಡಿ ವಿಂಡೋಸ್‌ನ ಕಾಪಿ ಟೂಲ್ ರೋಬೋಕಾಪಿಯ ಮಿರರ್ ಆಪ್ಷನ್‌ನಲ್ಲಿ ಅದನ್ನ ಇದರ ಮೇಲೆ ಓಡಿಸಿ, ಎಲ್ಲ ಖಾಲಿ ಆಗುತ್ತೆ, ಸೋರ್ಸ್ ಯಾವುದು ಡೆಸ್ಟಿನೇಷನ್ ಯಾವುದು ಅಂತ ಎರಡು ಸಲ ನೋಡ್ಕೊಂಡು.

ಇಷ್ಟಾದ್ರೂ ತಪ್ಪು ಡೈರೆಕ್ಟರಿ ಹೋಯ್ತು ಅಂದ್ರೆ, ಮೊದಲು ಆ ಡಿಸ್ಕ್‌ಗೆ ಬರೆಯೋದನ್ನ ನಿಲ್ಲಿಸಿ, ಆದ್ರೆ ಸರ್ವಿಸ್‌ಗಳನ್ನ ಅವಸರದಲ್ಲಿ ರೀಸ್ಟಾರ್ಟ್ ಮಾಡಬೇಡಿ. ಮೇಲೆ ಹೇಳಿದ ಓಪನ್ ಫೈಲ್‌ಗಳ ಗುಣವೇ ಈಗ ನಿಮ್ಮ ಪರ, ಪ್ರೋಸೆಸ್ ಬದುಕಿರೋ ತನಕ ಪ್ರೋಕ್ ಡೈರೆಕ್ಟರಿಯಲ್ಲಿ ಅದರ ನಂಬರ್ ಒಳಗಿನ ಎಫ್‌ಡಿ ಫೋಲ್ಡರ್‌ನಿಂದ ಆ ಫೈಲ್ ಬೇರೆ ಡಿಸ್ಕ್‌ಗೆ ಕಾಪಿ ಮಾಡ್ಕೊಬಹುದು. ಉಳಿದಿದ್ದಕ್ಕೆ ಸ್ನ್ಯಾಪ್‌ಶಾಟ್, ಬ್ಯಾಕಪ್ ನೋಡಿ, ಆರ್‌ಸಿಂಕ್ (ಡೈರೆಕ್ಟರಿಗಳನ್ನ ಒಂದೇ ಥರ ಇಡೋ ಕಾಪಿ ಟೂಲ್) ಡಿಲೀಟ್ ಆಪ್ಷನ್ ಜೊತೆ ಓಡೋ ಮಿರರ್ ಇದ್ರೆ ಅದರ ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ತಾನಾಗೇ ಓಡೋ ಕೆಲಸ) ತಕ್ಷಣ ನಿಲ್ಲಿಸಿ, ಇಲ್ಲಾಂದ್ರೆ ಮುಂದಿನ ರನ್‌ನಲ್ಲಿ ಅಲ್ಲೂ ಅಳಿಸುತ್ತೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಅಳಿಸಿದ ಜಾಗ ಖಾಲಿ ಅಂತ ಡಿಸ್ಕ್‌ಗೆ ಹೇಳೋ ಕ್ರಿಯೆ) ಓಡಿದ ಮೇಲೆ ರಿಕವರಿ ಟೂಲ್‌ಗಳಿಂದ ಸಿಗೋದು ತುಂಬಾ ಕಷ್ಟ, ಹಾಗಾಗಿ ಟ್ರಿಮ್ ಟೈಮರ್ ಇದ್ರೆ ಅದನ್ನೂ ಅದೇ ನಿಮಿಷದಲ್ಲಿ ಆಫ್ ಮಾಡಿ, ಆಮೇಲೆ ನಿಮ್ಮ ಟೀಮ್‌ಗೆ ಫೋನ್ ಮಾಡಿ.